ಲಾರಿಗೆ ಟೈರ್ ಕೊಳ್ಳುವಾಗ ಅಳತೆಯ ಜೊತೆ ಭಾರದ ಸಂಖ್ಯೆಯನ್ನೂ ಓದಿ

ಕೃಷ್ಣಗಿರಿಯ ಗ್ರಾನೈಟ್ ಕ್ವಾರಿಗಳಿಂದ, ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಿಂದ ದಿನವೂ ಭಾರದ ಲಾರಿಗಳು ಹೊರಡುತ್ತವೆ. ಈ ಕಡೆ ಸಾರಿಗೆ ವ್ಯವಹಾರಕ್ಕೆ ಇಳಿಯುವ ನಮ್ಮ ಯುವಕರು ಹಳೆ ಗಾಡಿ ಕೊಳ್ಳುವಾಗ ಎಂಜಿನ್, ಆರ್‌ಸಿ, ಇನ್ಶೂರೆನ್ಸ್ ಎಲ್ಲ ನೋಡ್ತಾರೆ. ಟೈರ್ ವಿಷಯ ಬಂದಾಗ ಮಾತ್ರ "ಟೆನ್ ಟ್ವೆಂಟಿ ತಾನೇ, ಯಾವುದಾದ್ರೂ ಆಗ್ತದೆ" ಅಂತ ಬಿಟ್ಟುಬಿಡ್ತಾರೆ. ಹಾಗೆ ಬಿಡುವ ವಿಷಯ ಇದಲ್ಲ.

ಅಳತೆ ಓದುವುದು ಹೇಗೆ?

10.00 ಆರ್ 20 ಅಂದರೆ ಹೆಸರಿಗೆ 10 ಇಂಚು ಅಗಲದ ರೇಡಿಯಲ್ ಟೈರ್, ರಿಮ್ 20 ಇಂಚು. 295/80 ಆರ್ 22.5 ಅಂದರೆ 295 ಮಿ.ಮೀ. ಅಗಲ, ಬದಿಯ ಎತ್ತರ ಅಗಲದ ಶೇ. 80, ರಿಮ್ 22.5 ಇಂಚು. ಎರಡನ್ನೂ ನಿಲ್ಲಿಸಿದರೆ ಎತ್ತರ ಹೆಚ್ಚುಕಡಿಮೆ ಒಂದೇ, ಒಂದು ಮೀಟರಿಗಿಂತ ತುಸು ಜಾಸ್ತಿ. ಆದರೆ ಮೊದಲನೆಯದು ಸಾಮಾನ್ಯವಾಗಿ ಟ್ಯೂಬ್, ಫ್ಲ್ಯಾಪ್, ಲಾಕ್ ರಿಂಗ್ ಇರುವ ರಿಮ್ಮಿಗೆ, ಎರಡನೆಯದು ಟ್ಯೂಬ್‌ಲೆಸ್ ರಿಮ್ಮಿಗೆ. ಒಂದರ ರಿಮ್ ಇನ್ನೊಂದಕ್ಕೆ ಆಗುವುದಿಲ್ಲ.

ಭಾರದ ಲೆಕ್ಕ

ಅಳತೆಯ ಪಕ್ಕದಲ್ಲಿ 146/143 ಎಂಬಂಥ ಅಂಕೆ ಇರುತ್ತದೆ. ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಜೋಡಿ ಟೈರಿಗೆ. 146 ಅಂದರೆ 3,000 ಕೆ.ಜಿ., 143 ಅಂದರೆ 2,725 ಕೆ.ಜಿ. ಹಾಗಾಗಿ ಮುಂದಿನ ಎರಡು ಟೈರ್ ಹೊರುವುದು 6,000 ಕೆ.ಜಿ., ಹಿಂದಿನ ಆಕ್ಸಲ್‌ನ ನಾಲ್ಕು ಟೈರ್ ಹೊರುವುದು 10,900 ಕೆ.ಜಿ.

2018ರ ಜುಲೈಯಲ್ಲಿ ಕೇಂದ್ರ ಸರಕಾರ ಮುಂದಿನ ಆಕ್ಸಲ್‌ನ ಮಿತಿಯನ್ನು ಏರಿಸಿತು, ನಾಲ್ಕು ಟೈರಿನ ಹಿಂದಿನ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಹಳೆ ಮಿತಿಗೆ ಸಾಕಾಗುತ್ತಿದ್ದ 146/143, ಹೊಸ ಮಿತಿಯ ಗಾಡಿಯಲ್ಲಿ ಮುಂದೆ ಸಾಲುವುದಿಲ್ಲ, ಹಿಂದೆ 600 ಕೆ.ಜಿ. ಕಡಿಮೆ ಬೀಳುತ್ತದೆ. ಅದೇ 152/148 ಇದ್ದರೆ ಮುಂದೆ 7,100, ಹಿಂದೆ 12,600 ಕೆ.ಜಿ. ತಡೆಯುತ್ತದೆ. ಕಾಗದದ ಪ್ರಕಾರ ಲೋಡ್ ಸರಿಯಿದ್ದರೂ ಟೈರಿಗೆ ಅದು ಓವರ್‌ಲೋಡ್ ಆಗಬಹುದು.

ಭಾರ ಹೆಚ್ಚಾದರೆ, ಗಾಳಿ ಕಡಿಮೆಯಾದರೆ ಟೈರಿನ ಬದಿ ಮಡಚಿ ಮಡಚಿ ಬಿಸಿಯಾಗುತ್ತದೆ. ಧರ್ಮಪುರಿ ದಾಟಿ ಸೇಲಂ ಕಡೆ ತೊಪ್ಪೂರು ಘಾಟಿ ಇಳಿಯುವಾಗ ಬ್ರೇಕ್ ಡ್ರಮ್ಮಿನ ಬಿಸಿಯೂ ರಿಮ್ಮಿಗೆ ಬರುತ್ತದೆ. ಅಲ್ಲಿ ಮುಂದಿನ ಟೈರ್ ಸಿಡಿದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದು ಕಷ್ಟ.

ಕೊಳ್ಳುವ ಮುನ್ನ

* ಆರ್‌ಸಿಯಲ್ಲಿರುವ ಆಕ್ಸಲ್ ತೂಕವನ್ನು ಆ ಆಕ್ಸಲ್‌ನ ಟೈರ್‌ಗಳ ಸಂಖ್ಯೆಯಿಂದ ಭಾಗಿಸಿ. ಟೈರಿನ ಸಾಮರ್ಥ್ಯ ಅದಕ್ಕಿಂತ ಕಡಿಮೆ ಇರಬಾರದು.
* ಜೋಡಿ ಟೈರ್ ಎರಡೂ ಒಂದೇ ಅಳತೆ, ಒಂದೇ ಎತ್ತರ ಇರಲಿ. ಎತ್ತರದ್ದೇ ಹೆಚ್ಚು ಭಾರ ಹೊತ್ತು ಮೊದಲು ಹಾಳಾಗುತ್ತದೆ.
* ಅಗಲದ ಟೈರ್ ಹಾಕುವುದಾದರೆ ರಿಮ್ಮಿನ ಅಗಲ, ಜೋಡಿಯ ನಡುವಿನ ಸಂದು ಸಾಕೇ ಎಂದು ಲಾರಿ ತಯಾರಕರ ಪಟ್ಟಿ ನೋಡಿ. ಬದಿ ಉಜ್ಜಿದರೆ ಟೈರ್ ಉಳಿಯದು.
* ಒಂದೇ ಆಕ್ಸಲ್‌ನಲ್ಲಿ ರೇಡಿಯಲ್, ನೈಲಾನ್ ಬೆರೆಸಬೇಡಿ.
* ತಯಾರಿಯ ತಾರೀಖು ನೋಡಿ. 1522 ಎಂದಿದ್ದರೆ 2022ರ 15ನೇ ವಾರದ ಮಾಲು.

ಕಡಿಮೆ ಅಂಕೆಯ ಟೈರಿನಲ್ಲಿ ಇವತ್ತು ಉಳಿಸುವ ದುಡ್ಡು ನಿಮ್ಮದು, ಅದರ ಮೇಲೆ ಘಾಟಿ ಇಳಿಯುವ ಜೀವ ಡ್ರೈವರ್‌ನದು. ಲೆಕ್ಕ ಹಾಕುವಾಗ ಎರಡನ್ನೂ ಸೇರಿಸಿ.