ನೆಲದ ಮೇಲಿನ ನಾಯಿ ಮೂತ್ರವನ್ನು ಸಿರಿಂಜ್‌ನಲ್ಲಿ ಹೀರಿ ಲ್ಯಾಬ್‌ಗೆ ಕೊಡಬಹುದೇ?

ನಾಯಿ ಪದೇ ಪದೇ ಮೂತ್ರ ಮಾಡುತ್ತಿದೆ, ವಿಪರೀತ ನೀರು ಕುಡಿಯುತ್ತಿದೆ ಎಂದರೆ ಪಶುವೈದ್ಯರು ಮೂತ್ರದ ಸ್ಯಾಂಪಲ್ ಕೇಳುತ್ತಾರೆ. 'ಟೈಲ್ಸ್ ಮೇಲಿನದನ್ನು ಸಿರಿಂಜ್‌ನಲ್ಲಿ ಹೀರಿದರೆ ಸಾಕು' ಎಂಬ ಸಲಹೆ ನಿಮ್ಮ ವಾಟ್ಸ್ಆ್ಯಪ್‌ಗೆ ಬಂದಿದ್ದರೆ ಫಾರ್ವರ್ಡ್ ಮಾಡಬೇಡಿ. ನೆಲದ ಧೂಳು, ಫಿನಾಯಿಲ್, ಬ್ಯಾಕ್ಟೀರಿಯಾ ಎಲ್ಲವೂ ಅದರಲ್ಲಿ ಸೇರುತ್ತವೆ. ಕಂಡ ಬ್ಯಾಕ್ಟೀರಿಯಾ ಮೂತ್ರಕೋಶದ್ದೋ ನೆಲದ್ದೋ ಎಂದು ತಿಳಿಯದೆ, ಇಲ್ಲದ ಸೋಂಕಿಗೆ ಆಂಟಿಬಯೋಟಿಕ್ ಶುರುವಾಗಬಹುದು. ಬೇರೆ ದಾರಿಯೇ ಇಲ್ಲವೆಂದರೆ, ನೆಲದಿಂದ ತಂದದ್ದು ಎಂದು ಹೇಳಿಯೇ ಕೊಡಿ.

ಹಾಗಾದರೆ ಹಿಡಿಯುವುದು ಹೇಗೆ? ಬೆಳಗಿನ ಮೊದಲ ಮೂತ್ರ ಗಾಢವಾಗಿರುವುದರಿಂದ ಸಾಮಾನ್ಯವಾಗಿ ಅದೇ ಒಳ್ಳೆಯದು. ಬೆಲ್ಟ್ ಗಿಡ್ಡ ಹಿಡಿದು ಹೊರಗೆ ಕರೆದೊಯ್ಯಿರಿ. ಗಂಡು ನಾಯಿ ಕಾಲೆತ್ತಿದಾಗ ಪಕ್ಕದಿಂದ ಡಬ್ಬಿ ಹಿಡಿಯಬಹುದು. ಹೆಣ್ಣು ನಾಯಿ ನೆಲಕ್ಕೆ ಹತ್ತಿರ ಕೂರುವುದರಿಂದ ಡಬ್ಬಿ ತೂರುವುದಿಲ್ಲ. ಉದ್ದ ಹಿಡಿಯ ಸೌಟನ್ನು ಹಿಂದಿನಿಂದ ಮೆಲ್ಲಗೆ ಸರಿಸಿ. (ಆ ಸೌಟು ಮತ್ತೆ ಅಡುಗೆಮನೆಗೆ ಬೇಡ!) ಮೊದಲ ಹನಿಗಳನ್ನು ಬಿಟ್ಟು ನಂತರದ್ದನ್ನು ಹಿಡಿಯಿರಿ. ಎರಡು ಟೀ ಚಮಚ, ಅಂದರೆ ಸುಮಾರು 10 ಎಂಎಲ್ ಸಾಕು. ಗ್ಲೌಸ್ ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ: ಇಲಿಜ್ವರ ನಾಯಿಯ ಮೂತ್ರದಿಂದಲೂ ಮನುಷ್ಯರಿಗೆ ಹರಡುತ್ತದೆ, ಮಳೆಗಾಲದಲ್ಲಿ ಇನ್ನೂ ಎಚ್ಚರ ಬೇಕು.

ಡಬ್ಬಿಯನ್ನು ಮೆಡಿಕಲ್ ಶಾಪ್‌ನಿಂದಲೇ ತನ್ನಿ. ಜಾಮ್, ಜೇನಿನ ಬಾಟಲಿಯಲ್ಲಿ ಸಿಹಿ ಉಳಿದಿದ್ದರೆ ರಿಪೋರ್ಟಿನಲ್ಲಿ ಸಕ್ಕರೆ ಕಂಡು, ಇಲ್ಲದ ಡಯಾಬಿಟಿಸ್ ಅನುಮಾನ ಹುಟ್ಟುತ್ತದೆ.

ಸ್ಯಾಂಪಲ್ ಅರ್ಧ ಗಂಟೆಯೊಳಗೆ ತಲುಪಿದರೆ ಉತ್ತಮ. ಜೆ.ಪಿ. ನಗರ, ಬನಶಂಕರಿಯಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೊರಟರೆ ನಮ್ಮ ಟ್ರಾಫಿಕ್‌ನಲ್ಲಿ ಅದು ಆಗದ ಮಾತು. ಐಸ್ ಪ್ಯಾಕ್ ಜೊತೆ ಒಯ್ಯಿರಿ. ತಡವಾದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ತಣ್ಣಗಾದ ಮೂತ್ರದಲ್ಲಿ ಹೊಸದಾಗಿ ಹರಳು ಮೂಡಬಹುದು. ಹಾಗಾಗಿ ಹಿಡಿದ ಸಮಯವನ್ನು ಡಬ್ಬಿಯ ಮೇಲೆ ಬರೆಯಿರಿ.

ಮನೆ ಪಕ್ಕದ ಮನುಷ್ಯರ ಲ್ಯಾಬ್ ಆಗುತ್ತದೆಯೇ? ಸ್ಟ್ರಿಪ್‌ನಲ್ಲಿ ಸಕ್ಕರೆ, ರಕ್ತದ ಸುಳಿವು ಸಿಗುತ್ತದೆ. ಆದರೆ ಮೂತ್ರದ ಸಾಂದ್ರತೆ ಮತ್ತು ಬಿಳಿ ರಕ್ತಕಣಗಳ ವಿಷಯದಲ್ಲಿ ನಾಯಿಗಳಿಗೆ ಆ ಸ್ಟ್ರಿಪ್ ನಂಬಲರ್ಹವಲ್ಲ. ಸಾಂದ್ರತೆಯನ್ನು ರಿಫ್ರಾಕ್ಟೋಮೀಟರ್‌ನಲ್ಲೇ ನೋಡಬೇಕು. ಕಲ್ಚರ್ ಪರೀಕ್ಷೆಗಾದರೆ ವೈದ್ಯರು ಹೊಟ್ಟೆಯ ಮೂಲಕ ಸಣ್ಣ ಸೂಜಿಯಿಂದ ನೇರವಾಗಿ ಮೂತ್ರಕೋಶದಿಂದಲೇ ತೆಗೆಯುವುದು ಉತ್ತಮ. ಕೇಳಲು ಭಯವೆನಿಸಿದರೂ ಕ್ಷಣದ ಕೆಲಸ.

ನಾಯಿ ಮುಕ್ಕುತ್ತಿದ್ದರೂ ಮೂತ್ರ ಬರುತ್ತಿಲ್ಲವೇ? ಕಲ್ಲು ಅಡ್ಡ ಸಿಕ್ಕಿರಬಹುದು, ಗಂಡು ನಾಯಿಗಳಲ್ಲಿ ಇದು ಹೆಚ್ಚು. ಸ್ಯಾಂಪಲ್‌ಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.