ಬಿಸಿಲೆಯ ಕಾಡಿನಲ್ಲಿ ಒಂದು ಇತಿಹಾಸ ಪಾಠ

ದಂಡಿಗನಹಳ್ಳಿಯ ರಾಗಿ ಹೊಲ, ತೆಂಗಿನ ತೋಟಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಮಳೆಕಾಡೆಂದರೆ ಭೂಗೋಳ ಪುಸ್ತಕದ ಮಾತು. ಅದು ನಮ್ಮ ಹಾಸನ ಜಿಲ್ಲೆಯಲ್ಲಿಯೇ ಇದೆಯೆಂದು ತೋರಿಸಲು ಒಮ್ಮೆ ಅವರನ್ನು ಸಕಲೇಶಪುರ ತಾಲ್ಲೂಕಿನ ಬಿಸಿಲೆಗೆ ಕರೆದೊಯ್ದಿದ್ದೆ. ಅಂದು ಜೊತೆಗಿದ್ದವರು ಇಂಬಳಗಳ ಕಾಟವನ್ನು ಮರೆತಿರಲಾರರು!

ಮೊದಲು ಮಂಜರಾಬಾದ್ ಕೋಟೆಯನ್ನು ಹತ್ತಿದೆವು. ಘಟ್ಟದ ದಾರಿಯನ್ನು ಕಾಯಲು ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿದು. 1979ರಲ್ಲಿ ಇದೇ ಘಟ್ಟವನ್ನು ಸುರಂಗಗಳ ಮೂಲಕ ಸೀಳಿಕೊಂಡು ಹಾಸನ–ಮಂಗಳೂರು ರೈಲು ಬಂದಿತು. ಅರಸರಿಗೂ ಎಂಜಿನಿಯರರಿಗೂ ಈ ಕಾಡು ದಾಟಬೇಕಾದ ಒಂದು ತಡೆಯಾಗಿತ್ತು.

ಬಿಸಿಲೆಯಲ್ಲಿ ನಿಂತಾಗ ನಮಗೆ ಹಾಗೆನಿಸಲಿಲ್ಲ. ಎದುರಿಗೆ ಮಂಜು ಮುಸುಕಿದ, 1712 ಮೀಟರ್ ಎತ್ತರದ ಕುಮಾರಪರ್ವತ; ಮರದ ತುದಿಯಲ್ಲಿ ಕೆಂದಳಿಲು; ಎಲ್ಲಿಯೋ ಮಂಗಟ್ಟೆಯ ಕೂಗು. ಸಮೀಪದ ದಿಣ್ಣೆಯೊಂದರಲ್ಲಿ ಮಳೆನೀರು ಇಬ್ಭಾಗವಾಗುತ್ತದೆ: ಒಂದು ಪಾಲು ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ, ಇನ್ನೊಂದು ಕುಮಾರಧಾರೆ, ನೇತ್ರಾವತಿಗಳೊಡನೆ ಅರಬ್ಬೀ ಸಮುದ್ರಕ್ಕೆ. ಗೊರೂರಿನಲ್ಲಿ ನಾವು ಕಾಣುವ ಹೇಮಾವತಿಯೂ ಇದೇ ಘಟ್ಟಸಾಲಿನ ಮಗಳು.

ಮುಂದೆ ಗುಂಡ್ಯ ಜಲವಿದ್ಯುತ್ ಯೋಜನೆಯ ಪ್ರಸ್ತಾಪವು ಈ ಕಾಡಿಗೇ ಕುತ್ತಾಗಿ ಬಂದಿತು. ಅದಕ್ಕೆ ಅನುಮತಿ ಸಲ್ಲದೆಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಹೇಳಿತು. ಮರುವರ್ಷವೇ, ಅಂದರೆ 2012ರಲ್ಲಿ, ನೆರೆಯ ಪುಷ್ಪಗಿರಿ ಅಭಯಾರಣ್ಯವು ಪಶ್ಚಿಮಘಟ್ಟದ ಇತರ ತಾಣಗಳೊಡನೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಕೋಟೆ ಕುಸಿದರೆ ಮತ್ತೆ ಕಟ್ಟಬಹುದು. ಮಳೆಕಾಡನ್ನು ಯಾವ ಅರಸನೂ ಕಟ್ಟಿಸಿಲ್ಲ. ಈಗ ನಿಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಪ್ಲಾಸ್ಟಿಕ್ ಬಿಸಾಡದೆ, ಗದ್ದಲ ಮಾಡದೆ ಆ ಕಾಡನ್ನು ಆಲಿಸಲು ಕಲಿಸಿರಿ. ನಿಮ್ಮ ಮೇಷ್ಟ್ರಿಗೆ ಅದೇ ಗುರುದಕ್ಷಿಣೆ.