ಕಡಲತೀರಕ್ಕೆ ಮರಳು: ಯಾರ ಲೆಕ್ಕದಿಂದ?

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ನಿಂತವರಿಗೆ ಕಡಲು ದೂರದ ಮಾತು. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ಪಯಣ. ಆದರೆ ಇದೇ ಹೋಬಳಿಯ ಚಿಕ್ಕತಿರುಪತಿಯ ಆಚೆಗೆ ಹರಿಯುವ ದಕ್ಷಿಣ ಪಿನಾಕಿನಿಗೆ ಕಡಲಿನ ದಾರಿ ಗೊತ್ತು. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಹೊಸಕೋಟೆ ಕೆರೆಯನ್ನು ಹಾಯ್ದು, ತಮಿಳುನಾಡಿನಲ್ಲಿ ಪೊನ್ನೈಯಾರ್ ಎನಿಸಿಕೊಂಡು, ಕಡಲೂರಿನ ಬಳಿ ಅದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನೀರಿನ ಜೊತೆಗೆ ಮರಳನ್ನೂ ಹೊತ್ತೊಯ್ಯುವುದು ನದಿಗಳ ಹಳೆಯ ಕಸುಬು.

ಹಾಗೆ ಬಂದ ಮರಳು ನದಿಯ ಬಾಯಲ್ಲೇ ಕೂರುವುದಿಲ್ಲ. ಅಲೆಗಳು ದಡಕ್ಕೆ ಓರೆಯಾಗಿ ಬಡಿಯುವುದರಿಂದ ಅದು ತೀರದುದ್ದಕ್ಕೂ ಸಾಗುತ್ತಿರುತ್ತದೆ. ತಮಿಳುನಾಡಿನ ಕರಾವಳಿಯಲ್ಲಿ ವರ್ಷದ ಒಟ್ಟು ಲೆಕ್ಕ ಹಾಕಿದರೆ ಈ ಮೆರವಣಿಗೆ ದಕ್ಷಿಣದಿಂದ ಉತ್ತರಕ್ಕೆ. ಒಂದು ಊರಿನ ತೀರವೆಂದರೆ ಬ್ಯಾಂಕಿನ ಖಾತೆಯಿದ್ದಂತೆ. ಬರುವ ಮರಳು ಜಮೆ, ಹೋಗುವ ಮರಳು ಖರ್ಚು. ಎರಡೂ ಸರಿದೂಗಿದರೆ ತೀರ ಉಳಿಯುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ಮದರಾಸು 19ನೇ ಶತಮಾನದಲ್ಲೇ ಕಂಡಿತು. 1870ರ ದಶಕದಲ್ಲಿ ಅಲ್ಲಿ ಬಂದರಿನ ಗೋಡೆಗಳು ಕಡಲೊಳಕ್ಕೆ ಚಾಚಿದವು. ಗೋಡೆಯ ದಕ್ಷಿಣಕ್ಕೆ ಮರಳು ತಂಗಿ ಮರೀನಾ ಬೀಚ್ ಬೆಳೆಯಿತು. ಉತ್ತರದ ರಾಯಪುರಂ ಕಡೆ ಕಡಲು ದಡವನ್ನು ತಿನ್ನುತ್ತಾ ಹೋಯಿತು. ಜನ ಮರೀನಾದ ಚೆಲುವನ್ನು ಕೊಂಡಾಡಿದರು. ಅದರ ಬೆಲೆಯನ್ನು ತೆತ್ತವರು ಉತ್ತರದ ಮೀನುಗಾರರು.

ಪುದುಚೇರಿಯಲ್ಲಿ ಇದೇ ಕಥೆ ಮರುಕಳಿಸಿತು. 1980ರ ದಶಕದ ಕೊನೆಗೆ ಅಲ್ಲಿ ಬಂದರಿನ ಅಲೆತಡೆ ಗೋಡೆಗಳು ಎದ್ದ ಮೇಲೆ ಪಟ್ಟಣದ ಮುಂದಿನ ಮರಳತೀರ ಮಾಯವಾಗಿ, ಬಂಡೆಗಳ ರಾಶಿಯಷ್ಟೇ ಉಳಿಯಿತು. 2018ರ ಹೊತ್ತಿಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಯೋಜನೆಯಂತೆ ಅಲ್ಲಿ ನೀರಿನಡಿ ಉಕ್ಕಿನ ತ್ರಿಕೋನಾಕಾರದ ದಿಬ್ಬವೊಂದನ್ನು ಇಳಿಸಿ, ಬಂದರಿನ ಬಾಯಿಯಲ್ಲಿ ಎತ್ತಿದ ಮರಳನ್ನು ತಂದು ಸುರಿದರು. ತೀರದ ಒಂದು ಭಾಗ ಮರಳಿ ಕಾಣಿಸಿಕೊಂಡಿತು.

ಕಳೆದುಹೋದ ತೀರವನ್ನು ಹೀಗೆ ಮರಳು ಹಾಕಿ ತುಂಬುವುದು ಈಗ ಜಗತ್ತಿನ ಎಲ್ಲೆಡೆ ನಡೆದಿದೆ. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ 1922–23ರಲ್ಲಿ ನಡೆದ ಕೆಲಸ ದೊಡ್ಡ ಪ್ರಮಾಣದ ಮೊದಲ ಪ್ರಯತ್ನಗಳಲ್ಲಿ ಒಂದು. ಆದರೆ ಕಡಲಿನ ತಳದಿಂದ ಮರಳನ್ನು ಎತ್ತುವಾಗ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ಮರಳು ಯಾರ ಖಾತೆಯದು?

ಮುಳುಗಿದ ಹಳ್ಳಿಯ ಪಾಠ

ಆ ಪ್ರಶ್ನೆಯನ್ನು ಕೇಳದೆ ಕೆಟ್ಟ ಊರು ಇಂಗ್ಲೆಂಡಿನ ಡೆವನ್ ತೀರದ ಹಾಲ್‌ಸ್ಯಾಂಡ್ಸ್. ಪ್ಲಿಮತ್‌ನ ನೌಕಾನೆಲೆಯ ವಿಸ್ತರಣೆಗೆ ಕಾಂಕ್ರೀಟ್ ಬೇಕಿತ್ತು. 1897ರಲ್ಲಿ ಈ ಮೀನುಗಾರರ ಹಳ್ಳಿಯ ಮುಂದಿನ ಕಡಲಂಚಿನಿಂದ ಮರಳು, ಉರುಟುಗಲ್ಲುಗಳನ್ನು ಯಂತ್ರದಿಂದ ಎತ್ತಲು ಸರ್ಕಾರ ಪರವಾನಗಿ ಕೊಟ್ಟಿತು. ತೆಗೆದಷ್ಟನ್ನು ಕಡಲು ತಾನೇ ತಂದು ತುಂಬುತ್ತದೆ ಎಂಬುದು ಅಂದಿನವರ ನಂಬಿಕೆ. ಸುಮಾರು ಆರೂವರೆ ಲಕ್ಷ ಟನ್ ಹೋಯಿತು, ಕಡಲು ತುಂಬಲಿಲ್ಲ. ದಡ ತಗ್ಗಿತು, ಮನೆಗಳ ಬುಡಕ್ಕೆ ಅಲೆ ಬಡಿಯತೊಡಗಿತು. ಹಳ್ಳಿಗರು ಮೊರೆಯಿಟ್ಟರು. 1902ರಲ್ಲಿ ಪರವಾನಗಿ ರದ್ದಾಯಿತಾದರೂ ಕಾಲ ಮಿಂಚಿತ್ತು. 1917ರ ಜನವರಿ 26ರ ಬಿರುಗಾಳಿಗೆ ಊರೇ ಕುಸಿಯಿತು. ಜೀವಹಾನಿಯಾಗಲಿಲ್ಲವೆಂಬುದೊಂದೇ ಸಮಾಧಾನ. ಆ ವರ್ಷದ ಕೊನೆಗೆ ವಾಸಕ್ಕೆ ಯೋಗ್ಯವಾಗಿ ಉಳಿದದ್ದು ಒಂದೇ ಮನೆ.

ದಡದ ಸಮೀಪ ಒಂದು ಆಳದವರೆಗೆ ಅಲೆಗಳು ತಳದ ಮರಳನ್ನು ಹಿಂದೆ ಮುಂದೆ ಒಯ್ಯುತ್ತಿರುತ್ತವೆ. ಅದರೊಳಗೆ ಗುಂಡಿ ತೋಡಿದರೆ ದಡದ ಮರಳೇ ಜಾರಿ ಗುಂಡಿಯನ್ನು ತುಂಬುತ್ತದೆ. ಹಾಲ್‌ಸ್ಯಾಂಡ್ಸ್‌ನಲ್ಲಿ ಆದದ್ದು ಇದೇ. ಇಂದು ನೆದರ್‌ಲೆಂಡ್ಸ್ ಸಾಮಾನ್ಯವಾಗಿ 20 ಮೀಟರ್ ಆಳದ ಗೆರೆಯ ಆಚೆಗಷ್ಟೇ ಮರಳು ತೆಗೆಯಲು ಬಿಡುವುದಕ್ಕೆ ಕಾರಣವೂ ಇದೇ. 2011ರಲ್ಲಿ ಹೇಗ್ ನಗರದ ದಕ್ಷಿಣಕ್ಕೆ ಎರಡು ಕೋಟಿ ಘನ ಮೀಟರಿಗೂ ಹೆಚ್ಚು ಮರಳನ್ನು ಒಂದೇ ಕಡೆ ಸುರಿದು, ಅಲೆಗಳೇ ಅದನ್ನು ಹಂಚಲೆಂದು ಬಿಟ್ಟಾಗಲೂ, ಮೊದಲು ಪರಿಸರ ಪರಿಣಾಮದ ವರದಿ ಸಿದ್ಧವಾಗಿತ್ತು.

ಮೊದಲೇ ಕೇಳುವ ಪದ್ಧತಿ

ಕೆಲಸಕ್ಕೆ ಮುಂಚೆ ಪರಿಣಾಮವನ್ನು ಅಂದಾಜು ಮಾಡಬೇಕೆಂಬ ಕಟ್ಟಳೆಯ ವಯಸ್ಸು ಹೆಚ್ಚಲ್ಲ. ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಸಹಿ ಬಿದ್ದದ್ದು 1970ರ ಜನವರಿ 1ರಂದು. ನಮ್ಮಲ್ಲಿ ಭೋಪಾಲ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿ 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, 1994ರಲ್ಲಿ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಹೊರಬಿದ್ದವು. 1997ರಲ್ಲಿ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾಯಿತು. 2006ರ ಹೊಸ ಅಧಿಸೂಚನೆಯ ಪಟ್ಟಿಯಲ್ಲಿ ಈಗ ಬಂದರು, ಅಲೆತಡೆ ಗೋಡೆಗಳ ಜೊತೆಗೆ ಡ್ರೆಜಿಂಗಿನ ಹೆಸರೂ ಇದೆ.

ಅಂಥ ವರದಿ ಏನನ್ನು ನೋಡಬೇಕು? ಮೊದಲನೆಯದು ಮರಳಿನ ಕಣ. ತಂದ ಮರಳು ತೀರದ ಮರಳಿಗಿಂತ ನುಣ್ಣಗಿದ್ದರೆ ಬಹುಬೇಗ ಕೊಚ್ಚಿಹೋಗುತ್ತದೆ. ಎರಡನೆಯದು ತೆಗೆಯುವ ಜಾಗದ ಆಳ. ಮೂರನೆಯದು ಕಡಲಿನ ತಳದ ಬದುಕು. ಅಲ್ಲಿನ ಹುಳು, ಚಿಪ್ಪುಜೀವಿಗಳೇ ಎಷ್ಟೋ ಮೀನುಗಳಿಗೆ ಆಹಾರ. ಯಂತ್ರ ಅವನ್ನು ಮರಳಿನೊಡನೆ ಹೀರಿಕೊಳ್ಳುತ್ತದೆ, ಎದ್ದ ಕೆಸರು ಸುತ್ತಲಿನ ನೀರನ್ನು ಕಲಕುತ್ತದೆ. ನಾಲ್ಕನೆಯದು ಕಾಲ. ಮೀನು ಮರಿಮಾಡುವ, ಆಮೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಈ ಕೆಲಸ ಕೂಡದು. ಕೊನೆಯದು, ಎಲ್ಲಕ್ಕೂ ಮುಖ್ಯವಾದದ್ದು: ಮೊದಲಿನ ಮರಳು ಹೋದದ್ದೇಕೆ? ಆ ಕಾರಣ ಹಾಗೇ ಉಳಿದರೆ ಸುರಿದ ಮರಳೂ ಅದೇ ದಾರಿ ಹಿಡಿಯುತ್ತದೆ.

ಕರ್ನಾಟಕದಲ್ಲಿ ಈ ಪ್ರಶ್ನೆಗಳು ಎದುರಾದದ್ದು ಮಂಗಳೂರಿನ ಪಕ್ಕದ ಉಳ್ಳಾಲದಲ್ಲಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಜಾಗವದು. ಅಳಿವೆಯ ಎರಡೂ ಬದಿಗೆ ಅಲೆತಡೆ ಗೋಡೆಗಳಿವೆ. ಪ್ರತಿ ಮಳೆಗಾಲದಲ್ಲೂ ಕಡಲ್ಕೊರೆತ, ಪ್ರತಿ ವರ್ಷವೂ ಲಾರಿಗಟ್ಟಲೆ ಬಂಡೆಕಲ್ಲು, ಆದರೂ ಮನೆ, ತೆಂಗು ಕಡಲಪಾಲು. 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಗೆ ಕರಾವಳಿ ರಕ್ಷಣೆಯ ಸಾಲ ಮಂಜೂರು ಮಾಡಿತು. ಬರಿಯ ಕಲ್ಲಿನ ಗೋಡೆಯ ಬದಲು ಮರಳು ತುಂಬುವಿಕೆ, ನೀರಿನಡಿಯ ಕೃತಕ ದಿಬ್ಬಗಳಂಥ ಮೃದು ಉಪಾಯಗಳತ್ತ ಆ ಯೋಜನೆಯ ಒಲವು. ಉಳ್ಳಾಲದ ಕೆಲಸಕ್ಕೆ ಪರಿಸರ ಪರಿಣಾಮದ ವರದಿಯೂ ಆಯಿತು. ಆದರೂ ಮುಂದಿನ ವರ್ಷಗಳಲ್ಲಿ ದಕ್ಷಿಣದ ಸೋಮೇಶ್ವರ, ಉಚ್ಚಿಲ ಕಡೆಯ ಜನ ಕೊರೆತದ ದೂರು ಹೊತ್ತು ನಿಂತಿದ್ದಾರೆ. ಒಂದು ಊರಿನ ತೀರವನ್ನಷ್ಟೇ ಕತ್ತರಿಸಿ ಪರಿಶೀಲಿಸಿದರೆ ಸಾಲದು, ನದಿಯಿಂದ ಹಿಡಿದು ನೆರೆಯೂರಿನವರೆಗಿನ ಇಡೀ ಖಾತೆಯನ್ನು ನೋಡಬೇಕು.

ಆ ಖಾತೆಯ ಮೊದಲ ಪುಟ ಒಳನಾಡಿನಲ್ಲಿದೆ. ದಕ್ಷಿಣ ಪಿನಾಕಿನಿಗೆ ಅಡ್ಡಲಾಗಿ 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ, ಸಾತನೂರು ಅಣೆಕಟ್ಟೆಗಳು ನೀರಿನೊಡನೆ ಮರಳನ್ನೂ ಹಿಡಿದಿಟ್ಟಿವೆ. ಉಳಿದದ್ದನ್ನು ನಗರಗಳ ಕಟ್ಟಡಗಳು ನುಂಗಿವೆ. ನದಿಯ ಮರಳು ಸಾಲದಾದಾಗ ಕೋಲಾರ ಸೀಮೆಯಲ್ಲಿ ಹುಟ್ಟಿದ್ದು ಫಿಲ್ಟರ್ ಮರಳಿನ ದಂಧೆ. ಕೆರೆಯಂಗಳದ, ಹೊಲದ ಮಣ್ಣನ್ನು ಅಗೆದು, ಬೋರ್‌ವೆಲ್ ನೀರಿನಲ್ಲಿ ತೊಳೆದು ಮರಳು ತೆಗೆಯುವುದು ಅದರ ಬಗೆ. ಕುಡಿಯುವ ನೀರಿಗೇ ತತ್ವಾರವಿರುವ ನಾಡಿನಲ್ಲಿ ನೀರೂ ಹೋಯಿತು, ಬೆಳೆ ಬೆಳೆಯುವ ಮಣ್ಣೂ ಹೋಯಿತು.

2012ರ ಫೆಬ್ರುವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಸಣ್ಣ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದಿತು. ಸಣ್ಣ ಗುಂಡಿಗಳು ನೂರಾದರೆ ದೊಡ್ಡ ಗುಂಡಿಯೇ ಎಂಬುದನ್ನು ಹಳ್ಳಿಯ ರೈತ ಬಲ್ಲ, ಈಗ ಕಾನೂನೂ ಒಪ್ಪಿದೆ. ಹಾಲ್‌ಸ್ಯಾಂಡ್ಸ್‌ನ ಮೀನುಗಾರರು, ಉಳ್ಳಾಲದ ಮೊಗವೀರರು, ಲಕ್ಕೂರು ಸೀಮೆಯ ಕೆರೆಯಡಿಯ ರೈತರು ಒಬ್ಬರನ್ನೊಬ್ಬರು ಕಂಡವರಲ್ಲ. ಮರಳನ್ನು ತುಂಬಿಕೊಂಡು ಹೊರಡುವ ಲಾರಿಯನ್ನೋ ಹಡಗನ್ನೋ ತಡೆದು ಅವರು ಕೇಳಬೇಕಾದ ಮಾತು ಮಾತ್ರ ಒಂದೇ. ಪರಿಸರ ಪರಿಶೀಲನೆ ಎಂಬ ದೊಡ್ಡ ಹೆಸರಿನ ಕೆಲಸ ಆ ಮಾತನ್ನು, ಲಾರಿ ಹೊರಡುವ ಮುಂಚೆಯೇ, ಅವರೆದುರಿಗೇ ಕೇಳಿಸಬೇಕು.